ಪುಚೊಂಗಿನ ಹಿಮಭಾರ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಡಲಾಚೆಯ ಪುಚೊಂಗ್ ಎಂಬ ಊರಿನ ಸಾಲುಮನೆಗಳಲ್ಲಿ ಹದಿನಾಲ್ಕನೇ ನಂಬರಿನ ಮನೆಯ ಮಲಗುವ ಕೋಣೆಯ ಬಾಗಿಲು ತೆರೆಯಲಿಲ್ಲ.

೧೯೯೭ರ ಸೆಪ್ಟೆಂಬರ್ ಇಪ್ಪತ್ತೆರಡು, ಸೋಮವಾರ. ಒಳಗೆ ಸಿಕ್ಕಿಕೊಂಡವರು ಇಬ್ಬರು: ಸುಬಾಂಗ್ ಜಯಾದ ಖಾಸಗಿ ಕಾಲೇಜೊಂದರಲ್ಲಿ ಕಟ್ಟಡ ವಿಜ್ಞಾನ ಕಲಿಸುವ ರಮಾನಂದರು, ಮತ್ತು ಅವರ ಹೆಂಡತಿ ವಾರಿಜಾ. ಹೊರಗೆ ನಿಂತವಳು ಹನ್ನೊಂದು ವರ್ಷದ ಮಗಳು ವಿಸ್ಮಯಾ. ಶಾಲೆಯ ಬಸ್ಸು ಬರಲು ಇಪ್ಪತ್ತು ನಿಮಿಷವಿತ್ತು. ಅವಳ ಜಡೆ ಹೆಣೆಯಬೇಕಾದ ಕೈಗಳು ಬಾಗಿಲಿನ ಆಚೆ ಇದ್ದವು.

"ಎಳೀರಿ ಮಾರಾಯ್ರೆ," ಎಂದಳು ವಾರಿಜಾ.

"ಎಳೀತಾ ಇದ್ದೇನಲ್ಲ."

"ಹಾಗಾದ್ರೆ ಒಮ್ಮೆ ತಳ್ಳಿ ನೋಡಿ."

"ಒಳಗೆ ತೆರೆಯುವ ಬಾಗಿಲು. ತಳ್ಳಿದ್ರೆ ಮುಚ್ತದೆ."

"ಈಗ ಮುಚ್ಚಿಯೇ ಉಂಟಲ್ಲ, ಇನ್ನೆಷ್ಟು ಮುಚ್ಚುವುದು?"

ವಿಸ್ಮಯಾ ಪಕ್ಕದ ಮನೆಗೆ ಓಡಿದಳು. ಪಕ್ಕದ ಮನೆಯ ಲಿಮ್ ಹಾರ್ಡ್‌ವೇರ್ ಅಂಗಡಿಯ ಮಾಲೀಕ. ಆ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷನೂ ಹೌದು. ಎರಡೂ ಮನೆಗಳಿಗೆ ಗೋಡೆ ಒಂದೇ, ಛಾವಣಿ ಒಂದೇ. ಲಿಮ್ ಹಾರೆಕೋಲು ಹಿಡಿದು ಬಂದ, ನಾಲ್ಕು ನಿಮಿಷದಲ್ಲಿ ಬಾಗಿಲನ್ನು ಚೌಕಟ್ಟಿನಿಂದ ಕಿತ್ತು ಗೋಡೆಗೆ ಒರಗಿಸಿದ. ಆಮೇಲೆ ಹಾಲಿಗೆ ಬಂದು ಕತ್ತೆತ್ತಿ ನೋಡಿದ. ಸೀಲಿಂಗು ನಟ್ಟನಡುವೆ ನಾಲ್ಕು ಬೆರಳಿನಷ್ಟು ಕೆಳಗೆ ಬಂದಿತ್ತು. ಮದುವೆಯೂಟ ಮುಗಿಸಿದವರ ಹೊಟ್ಟೆಯಂತೆ ಅದು ಗುಂಡಗೆ, ನೆಮ್ಮದಿಯಾಗಿ ಇಳಿಬಿದ್ದಿತ್ತು.

"ಪ್ರೊಫೆಸರ್," ಎಂದ ಲಿಮ್. ಅವನ ಇಂಗ್ಲಿಷಿನಲ್ಲಿ ವಾಕ್ಯಗಳು ಪೂರ್ಣವಿರಾಮದ ಬದಲು 'ಲಾ' ಎಂಬುದರಲ್ಲಿ ಮುಗಿಯುತ್ತಿದ್ದವು. "ನನ್ನ ಕಡೆ ಗೋಡೆಯಲ್ಲೂ ಬಿರುಕು ಬಂದಿದೆ, ಲಾ. ಛಾವಣಿ ವಿಷಯದಲ್ಲಿ ನೀವು ದೊಡ್ಡ ಜನ. ಹೇಳಿ, ಏನಿದು?"

ಏನೆಂದು ರಮಾನಂದರಿಗೆ ಗೊತ್ತಿತ್ತು. ಕಿಲೋಗ್ರಾಂ ಲೆಕ್ಕದಲ್ಲಿ ಗೊತ್ತಿತ್ತು. ಅವರು ಸೀಲಿಂಗಿನಿಂದ ಕಣ್ಣು ಕಿತ್ತು ಕಿಟಕಿಯ ಹೊರಗೆ ನೋಡಿದರು. ಆ ತಿಂಗಳು ಪಕ್ಕದ ಸುಮಾತ್ರಾ ದ್ವೀಪದ ಕಾಡುಗಳು ಉರಿದು, ಆ ಹೊಗೆ ಸಮುದ್ರ ದಾಟಿ ಬಂದು ಊರನ್ನೆಲ್ಲ ಮುಚ್ಚಿತ್ತು. ಎದುರಿನ ಸಾಲು ಕಾಣುತ್ತಿರಲಿಲ್ಲ. ಲಿಮ್‌ನ ಕಾರಿನ ಮೇಲೆ ಬೂದು ಬಣ್ಣದ ತೆಳು ಪದರ ಕೂತಿತ್ತು.

"ಬೂದಿ," ಎಂದರು ರಮಾನಂದರು.

"ಬೂದಿ?"

"ಹೊಗೆಯ ಬೂದಿ. ಛಾವಣಿ ಮೇಲೆ ಕೂತು ಕೂತು ಭಾರ ಏರಿದೆ. ಥೇಟ್ ಹಿಮದ ಹಾಗೆ."

ಲಿಮ್ ಬಾಯಿ ತೆರೆದು ಮೇಲೆ ನೋಡಿದ. ಈ ಮಾತನ್ನು ಬೇರೆ ಯಾರು ಹೇಳಿದ್ದರೂ ನಗುತ್ತಿದ್ದ. ಹೇಳಿದವರು 'ಸ್ನೋ ಸರ್' ಆಗಿದ್ದರಿಂದ ನಂಬಿದ.

ಈ ಬಿರುದಿನ ಹಿನ್ನೆಲೆ ಇಷ್ಟು. ಅವರ ಕಾಲೇಜಿನಲ್ಲಿ ಎರಡು ವರ್ಷ ಓದಿ ಉಳಿದೆರಡು ವರ್ಷಕ್ಕೆ ಕೆನಡಾಕ್ಕೆ ಹೋಗುವ ಕೋರ್ಸೊಂದಿತ್ತು. ಪಠ್ಯಪುಸ್ತಕ ಕೆನಡಾದ್ದು. ಅದರ ಎಂಟನೇ ಅಧ್ಯಾಯ: ವಾಸದ ಮನೆಗಳ ಛಾವಣಿಯ ಮೇಲೆ ಹಿಮ ಶೇಖರಣೆಯ ಪರಿಣಾಮ. ಯಾವ ಉಪನ್ಯಾಸಕರೂ ಮುಟ್ಟದ ಆ ಅಧ್ಯಾಯವನ್ನು ಕಾರ್ಕಳದ ರಮಾನಂದರು ಕೈಗೆತ್ತಿಕೊಂಡರು. ಹಿಮವನ್ನು ಅವರು ಕಂಡದ್ದು ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ಆರು ವರ್ಷಗಳಿಂದ ರಟ್ಟಿನ ಮನೆಯೊಂದರ ಮೇಲೆ ದಿನಕ್ಕೆ ಒಂದು ಹಿಡಿ ಅಕ್ಕಿಹಿಟ್ಟು ಜರಡಿ ಹಿಡಿದು, ಅದು ಬಾಗುವುದನ್ನು ಸ್ಕೇಲಿನಲ್ಲಿ ಅಳೆದು ತೋರಿಸುತ್ತಿದ್ದರು.

"ಹಿಮ ಒಂದೇ ದಿನದಲ್ಲಿ ಮನೆ ಬೀಳಿಸುವುದಿಲ್ಲ," ಎಂದು ತರಗತಿಯಲ್ಲಿ ಹೇಳುವರು. "ಅದು ಬೀಳುತ್ತದೆ, ಕೂರುತ್ತದೆ. ಅದರ ಮೇಲೆ ಇನ್ನೊಂದು ಬೀಳುತ್ತದೆ. ಕೆಳಗಿನದು ಒತ್ತಿ ಗಟ್ಟಿಯಾಗುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಮೊದಲು ಬಾಗಿಲು ಬಿಗಿಯುತ್ತದೆ. ಆಮೇಲೆ ಸೀಲಿಂಗಿನಲ್ಲಿ ಕೂದಲೆಳೆಯ ಬಿರುಕು. ಆಮೇಲೆ ಮರ ಕಿರುಗುಡುತ್ತದೆ. ಅದರ ನಂತರದ ಲಕ್ಷಣ ವಿವರಿಸಲು ಯಾರೂ ಉಳಿದಿರುವುದಿಲ್ಲ."

ಇನ್ನು ಸೀಲಿಂಗಿನ ಮೇಲೆ ನಿಜವಾಗಿ ಏನಿತ್ತು ಎಂಬುದು.

ರಮಾನಂದರು ಅಲ್ಲಿ ನೆಲೆಸಿದ ಕನ್ನಡಿಗರ ಸಂಘವಾದ ಕನ್ನಡ ಬಳಗದ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಸಂಪಾದಕರು. ಬಳಗದಲ್ಲಿದ್ದ ಸಂಸಾರ ಅರವತ್ತನಾಲ್ಕು. ೧೯೯೪ರಲ್ಲಿ ಮುನ್ನೂರು ಪ್ರತಿ ಅಚ್ಚಾಗಬೇಕೆಂದು ಅವರು ಹಟ ಹಿಡಿದರು. ಉಡುಪಿಯಲ್ಲಿ ಅಚ್ಚಾದ ಸಂಚಿಕೆ ಹಡಗಿನಲ್ಲಿ ಬಂದಿಳಿದದ್ದು ಜನವರಿಯಲ್ಲಿ. ರಾಜ್ಯೋತ್ಸವ ಮುಗಿದದ್ದು ನವೆಂಬರಿನಲ್ಲಿ. ಮನೆಗೆ ಬಂದು ಒಯ್ಯಿರಿ ಎಂದರು. ಒಯ್ದದ್ದು ಎಂಬತ್ತೆರಡು. ಮಾರ್ಚಿನ ಸಭೆಯಲ್ಲಿ ಅಧ್ಯಕ್ಷರಾದ ಡಾಕ್ಟರ್ ಅನಂತಪದ್ಮನಾಭರು, ಮಣಿಪಾಲದಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಕಲಿಸುವವರು, ತುಂಬಿದ ಸಭೆಯೆದುರು ಕೇಳಿಬಿಟ್ಟರು: "ಎಷ್ಟು ಉಳಿಯಿತು ಮಾರಾಯ್ರೆ?"

"ಒಂದೂ ಉಳಿದಿಲ್ಲ," ಎಂದರು ರಮಾನಂದರು.

ಚಪ್ಪಾಳೆ ಬಿತ್ತು. ಶಾಲು ಬಿತ್ತು. ಉಳಿದ ಇನ್ನೂರ ಹದಿನೆಂಟು ಪ್ರತಿಗಳು ಹಾಲಿನ ಸೀಲಿಂಗಿನ ಮೇಲೆ ಬಿದ್ದವು. ಹಾಲಿನ ಹಿಂದಿನ ನಡುಮನೆಯ ಕಿಂಡಿಯ ಮೂಲಕ ಅವನ್ನು ಹತ್ತಿಸುವಾಗ, "ಹಳೆ ಪಠ್ಯಪುಸ್ತಕ" ಎಂದು ವಾರಿಜಾಗೆ ಹೇಳಿದ್ದರು. ಮುನ್ನೂರು ಸಾಲಲಿಲ್ಲವೆಂದು ಮರುವರ್ಷ ಬಳಗ ನಾನೂರು ಅಚ್ಚು ಹಾಕಿಸಿತು. ಅದರಲ್ಲಿ ಮುನ್ನೂರ ಹತ್ತು ಮೇಲೆ ಹೋಯಿತು. ಅದೂ ಸಾಲದೆ ಮೂರನೇ ವರ್ಷ ಆರುನೂರು. ಐನೂರ ಹನ್ನೆರಡು ಮೇಲೆ. ಪ್ರತಿ ಬಾರಿಯೂ "ಒಂದೂ ಉಳಿದಿಲ್ಲ", ಪ್ರತಿ ಬಾರಿಯೂ ಶಾಲು. ಒಟ್ಟು ಸಾವಿರದ ನಲವತ್ತು ಪ್ರತಿ. ಒಂದೊಂದು ನಾನೂರು ಗ್ರಾಂ. ಎಂಟನೇ ಅಧ್ಯಾಯದ ಭಾಷೆಯಲ್ಲಿ ಹೇಳುವುದಾದರೆ, ಮೂರು ಚಳಿಗಾಲ ಕಳೆದರೂ ಕರಗದ ನಾನೂರ ಹದಿನಾರು ಕಿಲೋ ಹಿಮ.

ಈ ಪೈಕಿ ಎರಡನೇ ವರ್ಷದ ಸಂಚಿಕೆಯ ಅರವತ್ತೊಂದನೇ ಪುಟದಲ್ಲಿ ರಾಮದಾಸರ ಲೇಖನವಿತ್ತು. ೧೯೫೨ರಲ್ಲಿ ಹಡಗು ಹತ್ತಿ ಬಂದು ರಬ್ಬರ್ ತೋಟದ ಆಫೀಸಿನಲ್ಲಿ ಗುಮಾಸ್ತರಾದವರು. ಲೇಖನದ ಜೊತೆ ಸೈಕಲ್ಲಿಗೆ ಒರಗಿ ನಿಂತ ಅವರ ಇಪ್ಪತ್ತಾರನೇ ವಯಸ್ಸಿನ ಫೋಟೋ. ಮೂಲ ಫೋಟೋ ಉಡುಪಿಯ ಪ್ರೆಸ್ಸಿನಲ್ಲಿ ಕಳೆದುಹೋಯಿತು. ೯೭ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮಗ ಮನೆಯಲ್ಲಿದ್ದ ಏಕೈಕ ಪ್ರತಿಯನ್ನು ತಂದೆಯ ಎದೆಯ ಮೇಲಿಟ್ಟು ಚಿತೆಗೆ ಕಳಿಸಿದ. ತಿಂಗಳು ಕಳೆದ ಮೇಲೆ ಅವರ ಹೆಂಡತಿ ಹೊನ್ನಮ್ಮ, ಎಪ್ಪತ್ತರ ಮುದುಕಿ, ಎರಡು ರಸ್ತೆ ದಾಟಿ ಹದಿನಾಲ್ಕನೇ ನಂಬರಿಗೆ ಬಂದರು.

"ಒಂದೇ ಒಂದು ಪ್ರತಿ ಇದ್ರೆ ಕೊಡಪ್ಪ. ಹಾಸನದಲ್ಲಿರೋ ಮೊಮ್ಮಗಳು ಅಜ್ಜನ್ನ ನೋಡೇ ಇಲ್ಲ."

ರಮಾನಂದರು ಕೂತಿದ್ದ ಕುರ್ಚಿಯ ಸರಿಯಾಗಿ ಆರಡಿ ಮೇಲೆ ಆ ಪುಟದ ಮುನ್ನೂರ ಹತ್ತು ಪ್ರತಿಗಳಿದ್ದವು.

"ಒಂದೂ ಉಳಿದಿಲ್ಲ ಅಮ್ಮ."

ಮರುದಿನ ಕಾಲೇಜಿನಲ್ಲಿ ತಮ್ಮ ಸ್ವಂತ ಪ್ರತಿಯ ಮೂರು ಪುಟ ಝೆರಾಕ್ಸ್ ಮಾಡಿಸಿ ತಂದುಕೊಟ್ಟರು. ಅದರಲ್ಲಿ ಸೈಕಲ್ಲು ಚೆನ್ನಾಗಿ ಬಂದಿತ್ತು. ರಾಮದಾಸರ ಮುಖ ದೋಸೆ ಕಾವಲಿಯಂತೆ ಕಪ್ಪಗಿತ್ತು. "ಪಾಪ, ಎಷ್ಟು ಓಡಾಡಿದೆಯಪ್ಪ," ಎಂದು ಹೊನ್ನಮ್ಮ ಆಶೀರ್ವಾದ ಮಾಡಿ ಹೋಗಿದ್ದರು.

ಬುಧವಾರ ಸಂಜೆ ಏಳಕ್ಕೆ ಲಿಮ್ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಬಡಾವಣೆಯ ಸಭೆ ಕರೆದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಂಬತ್ತು ಜನ ಸೇರಿದರು. ರಮಾನಂದರು ಮಾತು ಹಿಂತೆಗೆದುಕೊಳ್ಳಲು ಎರಡು ನಿಮಿಷ ಪ್ರಯತ್ನಿಸಿದರು. ಅದನ್ನು ವಿದ್ವಾಂಸರ ವಿನಯವೆಂದು ಎಲ್ಲರೂ ಮೆಚ್ಚಿದರು. ಬೇರೆ ದಾರಿ ಕಾಣದೆ ಎಂಟನೇ ಅಧ್ಯಾಯವನ್ನೇ ಒಪ್ಪಿಸಿದರು. ಹಿಮ ಇದ್ದಲ್ಲಿ ಬೂದಿ ಎಂದರು, ಅಷ್ಟೆ.

"ಬಾಗಿಲು ಬಿಗಿಯುವುದು ಮೊದಲ ಲಕ್ಷಣ," ಎಂದದ್ದೇ ತಡ, ಮೂವತ್ತು ಕೈ ಮೇಲೆದ್ದವು. ಎಲ್ಲರ ಬಚ್ಚಲುಮನೆಯ ಬಾಗಿಲೂ ಬಿಗಿಯುತ್ತಿತ್ತು. ನೀರು ಕುಡಿದ ಮರದ ಬಾಗಿಲು ಆ ಮನೆಗಳನ್ನು ಕಟ್ಟಿದ ದಿನದಿಂದಲೂ ಬಿಗಿಯುತ್ತಲೇ ಇತ್ತು. ಆದರೆ ಅದು ಲಕ್ಷಣವೆಂದು ಯಾರೂ ಹೇಳಿರಲಿಲ್ಲ.

"ಕಿರುಗುಡುವುದು?" ಎಂದು ಒಬ್ಬರು ಕೇಳಿದರು.

"ಅದು ಮೂರನೆಯದು. ಅಪಾಯದ್ದು."

"ನಮ್ಮ ಯಜಮಾನ್ರು ಮೂವತ್ತು ವರ್ಷದಿಂದ ಕಿರುಗುಡ್ತಿದ್ದಾರೆ," ಎಂದಳು ಹಿಂದಿನ ಸಾಲಿನ ತಮಿಳು ಅಜ್ಜಿ. "ಅದೂ ಬೂದಿಯಿಂದಲೇನಾ, ಪ್ರೊಫೆಸರ್?"

ಭಾನುವಾರ ಬೆಳಿಗ್ಗೆ ಇಪ್ಪತ್ತೇಳು ಗಂಡಸರು ಪೊರಕೆ ಹಿಡಿದು ಛಾವಣಿ ಏರಿದರು. ಶನಿವಾರವೇ ಲಿಮ್‌ನ ಅಂಗಡಿಯ ಏಣಿಗಳೆಲ್ಲ ಖರ್ಚಾಗಿದ್ದವು. ಬೂದಿ ಎಷ್ಟು ಸಿಕ್ಕಿತೆಂದು ಯಾರೂ ನೋಡಲಿಲ್ಲ. ಹೊಗೆಯಲ್ಲಿ ತಮ್ಮ ಕಾಲೇ ಅವರಿಗೆ ಕಾಣುತ್ತಿರಲಿಲ್ಲ. ಒಡೆದ ಹೆಂಚು ನೂರ ಹನ್ನೆರಡು. ಸೋಮವಾರ ಮಧ್ಯಾಹ್ನ ಮುಕ್ಕಾಲು ಗಂಟೆ ಜೋರು ಮಳೆ ಹೊಯ್ಯಿತು. ಹತ್ತೊಂಬತ್ತು ಮನೆಗಳಲ್ಲಿ ಬಕೆಟ್ಟು ಇಟ್ಟರು.

ಇದಕ್ಕೆ ಯಾರೂ ರಮಾನಂದರನ್ನು ಬೈಯಲಿಲ್ಲ. "ಪ್ರೊಫೆಸರ್ ಹೇಳಿದ್ದು ಅಕ್ಷರಶಃ ನಿಜ," ಎಂದು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮಾತಾಡಿಕೊಂಡರು. "ನೋಡಿ, ಛಾವಣಿ ಕೆಟ್ಟೇ ಹೋಗಿದೆ." ಲಿಮ್ ಅರವತ್ತು ಸಹಿ ಹಾಕಿಸಿ ಪುರಸಭೆಗೆ ಅರ್ಜಿ ಕಳಿಸಿದ.

ರಮಾನಂದರು ಸುಮ್ಮನಿರಲಿಲ್ಲ. ಮಂಗಳವಾರ ಬ್ಯಾಗಿನಲ್ಲಿ ಆರು ಪ್ರತಿ ತುಂಬಿಕೊಂಡು ಕಾಲೇಜಿಗೆ ಹೊರಟರು. ದಿನಕ್ಕೆ ಆರರಂತೆ ಸಾವಿರದ ನಲವತ್ತು ಪ್ರತಿ ಸಾಗಿಸಲು ನೂರ ಎಪ್ಪತ್ತನಾಲ್ಕು ದಿನ ಬೇಕು, ರಜೆ ಬಿಟ್ಟು. ಮೊದಲ ದಿನವೇ, ದಾವಣಗೆರೆಯಿಂದ ಓದಲು ಬಂದಿದ್ದ, ಬಳಗದ ಸಭೆಗೂ ಬರುತ್ತಿದ್ದ ಕಾರ್ತಿಕ ಎಂಬ ವಿದ್ಯಾರ್ಥಿ ತೆರೆದ ಬ್ಯಾಗು ನೋಡಿ, "ಅರೆ, ಸ್ಮರಣ ಸಂಚಿಕೆ! ಒಂದೂ ಉಳಿದಿಲ್ಲ ಅಂದಿದ್ರಲ್ರೀ ಸರ್?" ಎಂದ. ಸಂಜೆ ಆರೂ ಪ್ರತಿ ಮನೆಗೆ ಮರಳಿ, ಏಣಿ ಹತ್ತಿ, ಮೊದಲಿನ ಜಾಗದಲ್ಲೇ ಕೂತವು.

ಗುರುವಾರ ಡಾಕ್ಟರ್ ಅನಂತಪದ್ಮನಾಭರ ಫೋನು ಬಂತು.

"ರಮಾನಂದ್ರೆ, ಇಡೀ ಪುಚೊಂಗನ್ನು ಉಳಿಸ್ತಾ ಇದ್ದೀರಂತೆ! ನಮ್ಮ ಬಳಗಕ್ಕೆ ಎಂಥ ಹೆಮ್ಮೆ ಮಾರಾಯ್ರೆ. ಶನಿವಾರ ಕಮಿಟಿ ಮೀಟಿಂಗ್ ನಿಮ್ಮಲ್ಲೇ ಇಟ್ಟುಕೊಳ್ಳುವ. ಒಂದು ಶಾಲು ಹಾಕ್ಲಿಕ್ಕುಂಟು."

"ಬೇಡ ಡಾಕ್ಟ್ರೆ. ಮನೆ ಸ್ವಲ್ಪ..."

"ನೀವು ಬೇಡ ಅಂತೀರಿ ಅಂತ ಗೊತ್ತಿತ್ತು. ಇನ್ನೊಂದು ವಿಷಯ. ಈ ಸಲ ಸಂಚಿಕೆ ಸಾವಿರ ಪ್ರತಿ ಹಾಕಿಸುವ ಅಂತ."

ಫೋನು ಇಟ್ಟ ಮೇಲೆ ರಮಾನಂದರು ಸೀಲಿಂಗನ್ನು ನೋಡಿದರು. ನಾಲ್ಕು ಬೆರಳು ಐದಾಗಿತ್ತು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಎರಡು ಗುಂಪು ಒಟ್ಟಿಗೆ ಬಂದವು. ಒಂದು, ಲಿಮ್ ಮತ್ತು ಪುರಸಭೆಯ ಇನ್‌ಸ್ಪೆಕ್ಟರ್ ಅಜ್ಮಿ: ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫಾರಂ, ಕೈಯಲ್ಲಿ ಅಡುಗೆಮನೆಯ ತಕ್ಕಡಿ. ಇನ್ನೊಂದು, ಡಾಕ್ಟರೂ ಕಮಿಟಿಯ ಆರು ಮಂದಿಯೂ, ಅವರ ನಡುವೆ ನಿಧಾನವಾಗಿ ಹೆಜ್ಜೆಯಿಡುತ್ತ ಹೊನ್ನಮ್ಮ. ಹಿರಿಯರ ಕೈಯಿಂದ ಶಾಲು ಹೊದಿಸಬೇಕೆಂಬುದು ಡಾಕ್ಟರ ಆಸೆ.

ರಮಾನಂದರು ಮುಂಜಾಗ್ರತೆಯಿಂದ ಕುರ್ಚಿಗಳನ್ನೆಲ್ಲ ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಹಾಕಿದ್ದರು.

"ಈ ಹೊಗೆಯಲ್ಲಿ ಹೊರಗೆ ಕೂರಿಸ್ತೀರಾ ಹೊನ್ನಮ್ಮನವರನ್ನು?" ಎಂದು ಡಾಕ್ಟರು ಗದರಿ, ಎಲ್ಲವನ್ನೂ ಒಳಗೆ ಎಳೆಸಿದರು. ಬೆತ್ತದ ಕುರ್ಚಿಯನ್ನು ಹಾಲಿನ ನಟ್ಟನಡುವೆ ಇಟ್ಟು ಹೊನ್ನಮ್ಮನನ್ನು ಅದರಲ್ಲಿ ಕೂರಿಸಿದರು.

ಅಷ್ಟರಲ್ಲಿ ಅಜ್ಮಿ ಛಾವಣಿ ಏರಿದ್ದ. ಒಂದು ಚದರ ಮೀಟರಿನ ಬೂದಿಯನ್ನು ಬಣ್ಣದ ಬ್ರಷ್ಷಿನಿಂದ ಗುಡಿಸಿ, ಕಾಗದದ ಮೇಲೆ ಹಿಡಿದು, ಇಳಿದು ಬಂದು ತೂಗಿದ.

"ಹನ್ನೊಂದು ಗ್ರಾಂ," ಎಂದ. "ಇದರ ಭಾರಕ್ಕೆ ಜೇಡರ ಬಲೆಯೂ ಬೀಳಲ್ಲ, ಸರ್." ಸೀಲಿಂಗು ನೋಡಿದ. ನಡುಮನೆಯ ಕಿಂಡಿ ನೋಡಿದ. "ಭಾರ ಹೊರಗಿಲ್ಲ. ಒಳಗಿದೆ. ಏಣಿ ಈ ಕಡೆ ತನ್ನಿ."

"ಅಲ್ಲಿ ಹಾವಿದೆ," ಎಂದರು ರಮಾನಂದರು.

"ನನಗೆ ಹಾವು ಹಿಡಿಯಲು ಬರ್ತದೆ. ಮೊದಲು ಆ ವಿಭಾಗದಲ್ಲೇ ಇದ್ದೆ."

"ಜೇನುಗೂಡೂ ಇದೆ."

"ಎರಡೂ ಒಟ್ಟಿಗೆ ಇರಲ್ಲ, ಸರ್," ಎಂದು ಅಜ್ಮಿ ಏಣಿ ಒರಗಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಆಗ ಮೇಲೆ ಮರ ಕಿರುಗುಟ್ಟಿತು. ಮೂರನೇ ಲಕ್ಷಣ. ಆ ಸದ್ದು ಎಲ್ಲರಿಗೂ ಕೇಳಿಸಿತು. ಅದರ ಅರ್ಥ ಒಬ್ಬರಿಗೇ ಗೊತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಹೊನ್ನಮ್ಮ ಶಾಲನ್ನು ಮಡಿಲಲ್ಲಿಟ್ಟುಕೊಂಡು ನಗುಮುಖದಿಂದ ಕೂತಿದ್ದರು.

"ಎಲ್ಲರೂ ಏಳಿ!" ಎಂದು ರಮಾನಂದರು ಕೂಗಿದರು. "ಹೊರಗೆ ಹೋಗಿ! ಮೇಲೆ ಸಂಚಿಕೆ ಇದೆ!"

"ಸಂಚಿಕೆ ವಿಷಯ ಆಮೇಲೆ ಮಾತಾಡುವ ಮಾರಾಯ್ರೆ," ಎಂದರು ಡಾಕ್ಟರು. "ಮೊದಲು ಶಾಲು."

"ಸೀಲಿಂಗಿನ ಮೇಲೆ ಇದೆ ಡಾಕ್ಟ್ರೆ! ಸಾವಿರದ ನಲವತ್ತು! ಯಾವ ವರ್ಷದ್ದೂ ಖರ್ಚಾಗಲಿಲ್ಲ. ನಾನು ಸುಳ್ಳು ಹೇಳಿದ್ದು!"

"ನೋಡಿ, ಎಷ್ಟು ವಿನಯ," ಎಂದರು ಡಾಕ್ಟರು ಕಮಿಟಿಯ ಕಡೆ ತಿರುಗಿ.

ವಿನಯಕ್ಕೆ ಇನ್ನು ಹೊತ್ತಿರಲಿಲ್ಲ. ರಮಾನಂದರು ನುಗ್ಗಿ, ಬೆತ್ತದ ಕುರ್ಚಿಯನ್ನು ಹೊನ್ನಮ್ಮನ ಸಮೇತ ಎತ್ತಿ ಬಾಗಿಲಿನತ್ತ ಎಳೆದರು. ಕುರ್ಚಿಯ ಕಾಲು ತಾಗಿ ಡಾಕ್ಟರು ಹಿಂದಕ್ಕೆ ಹೋದರು, ಡಾಕ್ಟರು ತಾಗಿ ಕಮಿಟಿ ಹೋಯಿತು. ಹೀಗೆ ಇಡೀ ಕನ್ನಡ ಬಳಗ ಒಂದರ ಮೇಲೊಂದು ಬಿದ್ದು ಹೊರಗಿನ ಚಪ್ಪಲಿಗಳ ನಡುವೆ ಸುರಕ್ಷಿತವಾಗಿ ತಲುಪಿತು. ವಾರಿಜಾ, ವಿಸ್ಮಯಾ, ಲಿಮ್ ಅವರ ಹಿಂದೆಯೇ ಹೊರಗೆ ಹಾರಿದರು.

ಹನ್ನೊಂದು ಗಂಟೆ ಮೂವತ್ತೈದು ನಿಮಿಷಕ್ಕೆ ಸೀಲಿಂಗು ಬಿತ್ತು.

ಮೊದಲು ಹಲಗೆ, ಆಮೇಲೆ ಕಟ್ಟುಗಳು. ದಾರ ಹರಿದು ಸಂಚಿಕೆಗಳು ರೆಕ್ಕೆ ಬಿಚ್ಚಿ ಇಳಿದವು. ಮೂರು ವರ್ಷದ ರಾಜ್ಯೋತ್ಸವ ಸೋಫಾದ ಮೇಲೆ, ಟೀವಿಯ ಮೇಲೆ, ವಾರಿಜಾ ಇಟ್ಟಿದ್ದ ಉಪ್ಪಿಟ್ಟಿನ ತಟ್ಟೆಗಳ ಮೇಲೆ ಬಿತ್ತು. ಕೊನೆಗೆ ಸೀಲಿಂಗಿನ ಬಿಳಿ ಪುಡಿ ನಿಧಾನವಾಗಿ, ಸದ್ದಿಲ್ಲದೆ ಎಲ್ಲದರ ಮೇಲೂ ಉದುರಿ, ಹಾಲಿಗೆ ಹಾಲೇ ಬೆಳ್ಳಗಾಯಿತು.

"ಅಪ್ಪಾ, ಸ್ನೋ!" ಎಂದಳು ವಿಸ್ಮಯಾ.

ಅಜ್ಮಿ ನಡುಮನೆಯ ಏಣಿಯಿಂದ ಇಳಿದು, ಹಾಲಿಗೆ ಬಂದು, ಒಂದು ಸಂಚಿಕೆ ಎತ್ತಿ, ಪುಡಿ ಊದಿ, ಬಿಚ್ಚಿದ. ಛಾವಣಿಯ ಚಿತ್ರವಿದ್ದ ಪುಟ ಬಂತು.

"ಇದರಲ್ಲಿ ಏನು ಬರೆದಿದೆ?" ಎಂದು ವಿಸ್ಮಯಾಳನ್ನು ಕೇಳಿದ.

ಅವಳು ಅಕ್ಷರ ಕೂಡಿಸಿ ಓದಿ, ಇಂಗ್ಲಿಷಿನಲ್ಲಿ ವಿವರಿಸಿದಳು: ಮನೆಯ ಛಾವಣಿ ಹೇಗೆ ಬೀಳುತ್ತದೆ ಅಂತ. ಭಾಗ ಮೂರು. ಬರೆದವರು ನಮ್ಮಪ್ಪ.

ಅಜ್ಮಿ ಫಾರಂ ತೆಗೆದ. ಭಾರದ ಬಗೆ ಎಂಬ ಕಡೆ ಮಳೆ, ಗಾಳಿ, ಇತರೆ ಎಂದಿತ್ತು. ಇತರೆಗೆ ಗುರುತು ಹಾಕಿದ.

"ಪುಸ್ತಕ ಅಂತ ಬರೀತೇನೆ. ಯಾವ ಪುಸ್ತಕ, ಸರ್? ಪೂಜೆಯದ್ದಾ?"

"ಅಲ್ಲ."

"ಶಾಲೆಯದ್ದಾ?"

"ಅಲ್ಲ."

"ಹಾಗಾದರೆ ಇದನ್ನು ಯಾರು ಓದೋದು?"

ಕನ್ನಡ ಬಳಗದ ಅಧ್ಯಕ್ಷರು, ಕಾರ್ಯದರ್ಶಿ, ಐವರು ಸದಸ್ಯರು, ಸಂಪಾದಕರು, ಎಲ್ಲರೂ ತಂತಮ್ಮ ಕಾಲಬೆರಳು ನೋಡಿಕೊಂಡರು. ಅಜ್ಮಿ ಒಂದು ನಿಮಿಷ ಕಾದು ಆ ಜಾಗವನ್ನು ಖಾಲಿ ಬಿಟ್ಟ.

"ನೂರ ಹನ್ನೆರಡು ಹೆಂಚು, ಲಾ," ಎಂದ ಲಿಮ್ ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ.

ಹೊನ್ನಮ್ಮ ಒಳಗೆ ಬಂದು, ಬಾಗಿ ರಾಶಿಯಿಂದ ಒಂದೊಂದೇ ಸಂಚಿಕೆ ಎತ್ತಿ ರಕ್ಷಾಪುಟ ನೋಡುತ್ತಿದ್ದರು. ಎರಡನೇ ವರ್ಷದ್ದು ಸಿಕ್ಕಿತು. ಅರವತ್ತೊಂದನೇ ಪುಟ ತೆರೆದರು. ಸೆರಗಿನ ತುದಿಯಿಂದ ಪುಡಿ ಒರೆಸಿದರು. ಸೈಕಲ್ಲಿಗೆ ಒರಗಿದವನ ಕಣ್ಣು, ಮೂಗು, ಎಳೆಮೀಸೆ ಸ್ಪಷ್ಟವಾಗಿತ್ತು.

"ಒಂದೂ ಉಳಿದಿಲ್ಲ ಅಂದಿದ್ದೆಯಲ್ಲಪ್ಪ," ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರಮಾನಂದರಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವರು ಒಂದು ಚೀಲ ತಂದು, ಹುಡುಕಿ ಹುಡುಕಿ ಅದೇ ವರ್ಷದ ಹನ್ನೆರಡು ಪ್ರತಿ ತುಂಬಿ, ಎರಡು ಕೈಯಲ್ಲಿ ನೀಡಿದರು. ತಲೆಯ ಮೇಲೆ, ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು.

"ಒಂದು ಸಾಕು," ಎಂದರು ಹೊನ್ನಮ್ಮ. "ಮೊಮ್ಮಗಳಿರೋದು ಒಬ್ಬಳೇ."

ಡಾಕ್ಟರು ಅವರನ್ನು ಕಾರಿನಲ್ಲಿ ಮನೆಗೆ ಬಿಡಲು ಹೊರಟರು. ಶಾಲು ಬೆತ್ತದ ಕುರ್ಚಿಯಲ್ಲೇ ಉಳಿದಿತ್ತು. ಡಾಕ್ಟರು ಅರ್ಧ ದಾರಿಯಿಂದ ಹಿಂದಿರುಗಿ ಬಂದು, ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟು ಒಯ್ದರು.

ನಂತರದ ಐದು ಭಾನುವಾರ ರಮಾನಂದರು ಲಿಮ್‌ನ ಏಣಿ ಹೊತ್ತು ಹತ್ತೊಂಬತ್ತು ಮನೆಗಳ ಛಾವಣಿ ಹತ್ತಿ ಹೆಂಚು ಬದಲಾಯಿಸಿದರು. ಏಣಿ ಹಿಡಿದುಕೊಂಡದ್ದು ಲಿಮ್. "ಬಿಗಿ ಹಿಡಿ," ಎಂದು ತಮಿಳು ಅಜ್ಜಿ ಪ್ರತಿವಾರವೂ ಎಚ್ಚರಿಸುತ್ತಿದ್ದಳು, "ಪ್ರೊಫೆಸರ್ ಮೇಲೆ ಬೂದಿ ಕೂತೀತು." ಆ ನವೆಂಬರಿನಲ್ಲಿ ಬಳಗ ಸಂಚಿಕೆ ತರಲಿಲ್ಲ.

ಸೀಲಿಂಗು ಬಿದ್ದ ಮುಂದಿನ ಗುರುವಾರ ಬಡಗಿ ಬಂದು ಹೊಸ ಹಲಗೆ ಹೊಡೆದ. ಕಿಂಡಿ ಎಲ್ಲಿ ಬಿಡಬೇಕು ಎಂದು ಕೇಳಿದ. ಕಿಂಡಿ ಬೇಡ ಎಂದು ವಾರಿಜಾ ಹೇಳಿದಳು.